ಯಕೃತ್ತಿನ ಕ್ಯಾನ್ಸರ್ ದವಡೆಗೆ ತಲುಪುವುದು ಸಾಧ್ಯವೇ?

ತಂದೆಯವರ ಕೆಳದವಡೆಯ ಗಡ್ಡೆ ಯಕೃತ್ತಿನ ಕ್ಯಾನ್ಸರೇ ಎಂದು ಬಯಾಪ್ಸಿ ಹೇಳುತ್ತಿದೆ, ಶ್ವಾಸಕೋಶದಲ್ಲಿ ಏನೂ ಇಲ್ಲ, ವರದಿ ಅದಲುಬದಲಾಗಿರಬಹುದೇ ಎಂದು ಕೇಳಿದ್ದೀರಿ. ನಿಮ್ಮ ಅನುಮಾನ ಸಹಜ. ಆದರೆ ಇದು ಅಪರೂಪವಾದರೂ ಸಾಧ್ಯ. ದವಡೆ, ವಸಡು, ತಲೆಬುರುಡೆ, ಚರ್ಮಕ್ಕೂ ಈ ಕ್ಯಾನ್ಸರ್ ಹರಡಿದ ಪ್ರಕರಣಗಳು ದಾಖಲಾಗಿವೆ.

ಯಕೃತ್ತಿನಿಂದ ಹೊರಟ ರಕ್ತ ಹೃದಯದ ಬಲಭಾಗ ದಾಟಿ ಶ್ವಾಸಕೋಶಕ್ಕೆ ಹೋಗುವುದರಿಂದ ಹೆಚ್ಚಾಗಿ ಅಲ್ಲಿಯೇ ಹರಡುತ್ತದೆ. ಇನ್ನೊಂದು ದಾರಿಯೂ ಇದೆ. ಬೆನ್ನುಮೂಳೆಯ ಉದ್ದಕ್ಕೂ ತಲೆಬುರುಡೆಯವರೆಗೆ ಹಬ್ಬಿರುವ ಸಿರೆಗಳ ಜಾಲವನ್ನು 1940ರಲ್ಲಿ ಅಂಗರಚನಾ ತಜ್ಞ ಆಸ್ಕರ್ ಬ್ಯಾಟ್ಸನ್ ವಿವರಿಸಿದರು. ಆ ಸಿರೆಗಳಲ್ಲಿ ಕವಾಟಗಳಿಲ್ಲ. ಕೆಮ್ಮಿದಾಗ, ತಿಣುಕಿದಾಗ ಹೊಟ್ಟೆಯ ಒತ್ತಡ ಏರಿ ರಕ್ತ ಅಲ್ಲಿ ಮೇಲ್ಮುಖವಾಗಿಯೂ ಹರಿಯಬಲ್ಲದು. ಶ್ವಾಸಕೋಶವನ್ನು ಮುಟ್ಟದೆ ಕ್ಯಾನ್ಸರ್ ಕೋಶಗಳು ದವಡೆ ಸೇರುವುದನ್ನು ಹೀಗೆಯೇ ವಿವರಿಸುತ್ತಾರೆ.

ಅನುಮಾನ ಉಳಿದಿದ್ದರೆ ಬಯಾಪ್ಸಿಗೆ ತೆಗೆದ ಅದೇ ಮಾದರಿಯ ಮೇಲೆ, ಕೋಶಗಳು ಯಕೃತ್ತಿನವೇ ಎಂದು ಗುರುತಿಸಲು ನೆರವಾಗುವ ಹೆಪ್‌ಪಾರ್-1, ಆರ್ಜಿನೇಸ್-1 ಪರೀಕ್ಷೆಗಳು ಆಗಿವೆಯೇ ಎಂದು ಕೇಳಿ. ಇನ್ನೊಮ್ಮೆ ಚುಚ್ಚಿಸುವ ಅಗತ್ಯವಿಲ್ಲದಿರಬಹುದು.

ನನಗೆ ನಿಜವಾಗಿ ಆತಂಕವಾದದ್ದು, ಅಲುಗಾಡುವ ಹಲ್ಲನ್ನು ಈ ವಾರವೇ ಕೀಳಿಸುವ ಯೋಚನೆಯಿದೆ ಎಂದು ನೀವು ಬರೆದದ್ದು. ದಯವಿಟ್ಟು ತಡೆಯಿರಿ. ಈ ಗಡ್ಡೆಗಳಲ್ಲಿ ರಕ್ತನಾಳಗಳು ದಟ್ಟವಾಗಿರುತ್ತವೆ. ಸಿರೋಸಿಸ್ (ಯಕೃತ್ತು ಗಾಯಗೊಂಡು ಗಟ್ಟಿಯಾಗುವ ಕಾಯಿಲೆ) ಇರುವವರಲ್ಲಿ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕೂಡ ಕಡಿಮೆಯಿರುವುದುಂಟು. ರಕ್ತಸ್ರಾವ ನಿಲ್ಲಿಸುವುದೇ ಕಷ್ಟವಾದೀತು. ಕ್ಯಾನ್ಸರ್ ತಜ್ಞರನ್ನು ಕೇಳದೆ ಯಾರೂ ಅಲ್ಲಿ ಕೈಹಾಕಬಾರದು. ನೋವಿಗೆ ಐಬುಪ್ರೊಫೇನ್, ಡೈಕ್ಲೊಫೆನಾಕ್‌ಗಳನ್ನು ನೀವಾಗಿಯೇ ಕೊಡಬೇಡಿ. ದವಡೆಯ ನೋವು, ರಕ್ತಸ್ರಾವಗಳಿಗೆ ವಿಕಿರಣ ಚಿಕಿತ್ಸೆ ಎಷ್ಟೋ ವೇಳೆ ಉಪಶಮನ ಕೊಡುತ್ತದೆ; ಅದರ ಬಗ್ಗೆ ಮುಂದಿನ ಭೇಟಿಯಲ್ಲೇ ವಿಚಾರಿಸಿ. ಗದ್ದ ಅಥವಾ ಕೆಳತುಟಿ ಮರಗಟ್ಟಿದ್ದರೆ ಅದನ್ನೂ ತಪ್ಪದೆ ಹೇಳಿ.