ಜಿಂಕೆ ಬೇಟೆಗೆ ಹತ್ತಿರಕ್ಕೊಂದು ಗುಂಡು, ದೂರಕ್ಕೊಂದು ಗುಂಡು ಬೇಕಾ?

ಈ ವರ್ಷ ಮೊದಲ ಸಲ ಬೇಟೆಗೆ ಹೊರಟಿರುವ ನೀವು ನಿಮ್ಮ .308 ಕೋವಿಗೆ ಹೀಗೆ ಎರಡು ಬಗೆಯ ಗುಂಡು ಬೇಕಾ ಅಂತ ಕೇಳಿದ್ದೀರಿ. ಅಮೆರಿಕದ ವಿಸ್ಕಾನ್ಸಿನ್‌ನಲ್ಲಿ ನನ್ನ ಮೊದಲ ಬೇಟೆ ಸೀಸನ್‌ನಲ್ಲಿ ನಾನೂ ಇದೇ ಲೆಕ್ಕ ಹಾಕುತ್ತಾ ಕೂತಿದ್ದೆ. ಕಾಡೊಳಗೆ 30 ಗಜಕ್ಕೆ ಯಾವುದು, ಜೋಳದ ಹೊಲದಾಚೆ 400 ಗಜಕ್ಕೆ ಯಾವುದು ಅಂತ. ದೂರಕ್ಕೆ ಆಗೋದು ಹತ್ತಿರಕ್ಕೆ ಆಗದೇ ಇರುತ್ತಾ ಅಂದುಕೊಂಡು ಕೊನೆಗೆ ದೂರದ ಗುಂಡನ್ನೇ ಕೊಂಡೆ. ಕೋವಿ .300 ವಿನ್ ಮ್ಯಾಗ್, ಗುಂಡನ್ನು ಬಹಳ ವೇಗವಾಗಿ ಹಾರಿಸುವಂಥದ್ದು.

ನವೆಂಬರ್, ಹಿಮ ಬಿದ್ದಿತ್ತು. ಜೌಗು ಕಾಡಿನ ಅಂಚಲ್ಲಿ ಕೂತಿದ್ದೆ. ಬಿಳಿಬಾಲದ ಗಂಡು ಜಿಂಕೆ 30 ಗಜದಲ್ಲಿ ಬಂದು ಎದೆ ಸ್ವಲ್ಪ ನನ್ನ ಕಡೆ ಮಾಡಿ ನಿಂತಿತು. ಭುಜಕ್ಕೆ ಹೊಡೆದೆ. ಕುಸಿಯಿತು, ಎದ್ದಿತು, ಮೂರು ಕಾಲಲ್ಲಿ ಓಡಿತು. ನಿಂತಿದ್ದ ಜಾಗದಲ್ಲಿ ಕೂದಲು, ಮೂಳೆ ಚೂರು, ನಾಲ್ಕಾರು ಹನಿ ರಕ್ತ. ಸ್ವಲ್ಪ ದೂರ ಹೋಗುವಷ್ಟರಲ್ಲಿ ರಕ್ತದ ಜಾಡೂ ನಿಂತುಹೋಯಿತು. ಕತ್ತಲಾಗುವವರೆಗೆ ಹುಡುಕಿದೆ. ಸಿಕ್ಕಿದ್ದು ಮಾರನೇ ದಿನ ಬೆಳಿಗ್ಗೆ. ಮೈ ಇನ್ನೂ ಬೆಚ್ಚಗಿತ್ತು. ಅಂದ್ರೆ ರಾತ್ರಿಯಿಡೀ ನರಳಿತ್ತು.

ಚರ್ಮ ಸುಲಿದಾಗ ಎಲ್ಲ ಗೊತ್ತಾಯಿತು. ಭುಜದ ಮೇಲೆ ಅಂಗೈ ಅಗಲದ ಗಾಯ. ಸುತ್ತಲಿನ ಮಾಂಸ ರಕ್ತ ಹೆಪ್ಪುಗಟ್ಟಿ ಕಪ್ಪಾಗಿತ್ತು. ಅದರೊಳಗೆ ತಾಮ್ರದ ಚೂರುಗಳು, ಕತ್ತರಿಸಿ ಎಸೆದ ಉಗುರಿನ ಹಾಗೆ. ಪಕ್ಕೆಲುಬು ದಾಟಿ ಶ್ವಾಸಕೋಶ ಮುಟ್ಟಿದ್ದು ಒಂದೆರಡು ಚೂರು ಮಾತ್ರ.

ತಪ್ಪು ಎಲ್ಲಾಯಿತು ಅಂದ್ರೆ, ಗುಂಡಿಗೆ ದೂರ ಗೊತ್ತಿಲ್ಲ. ಅದಕ್ಕೆ ಗೊತ್ತಿರೋದು ಬಡಿಯುವ ಹೊತ್ತಿನ ವೇಗ ಅಷ್ಟೇ. ದೂರಕ್ಕೆ ಅಂತ ಮಾಡಿದ ಗುಂಡಿನಲ್ಲಿ ಸೀಸದ ಮೇಲಿನ ತಾಮ್ರದ ಹೊರಕವಚ ತೆಳು. ಹೋಗ್ತಾ ಹೋಗ್ತಾ ವೇಗ ಸೆಕೆಂಡಿಗೆ 1,600 ಅಡಿಗೆ ಇಳಿದರೂ ಬಡಿದಾಗ ಮೂತಿ ಅಣಬೆಯ ಹಾಗೆ ಅರಳಬೇಕು ಅಂತಲೇ ಹಾಗೆ ಮಾಡಿರ್ತಾರೆ. ನಾನು ಅದನ್ನು ಹೊಡೆದಿದ್ದು ಹತ್ತಿರ ಹತ್ತಿರ 3,000 ಅಡಿ ವೇಗದಲ್ಲಿ, ಅದೂ ಮೂಳೆಗೆ. ಅರಳುವ ಬದಲು ಸಿಡಿದುಹೋಯಿತು. ಕೋವಿಯ ಶಕ್ತಿ ಕಡಿಮೆಯಾಗಿ ಆಗಿದ್ದಲ್ಲ ಇದು. ಮೆತ್ತನೆ ಗುಂಡಿಗೆ ಶಕ್ತಿ ಜಾಸ್ತಿಯಾಗಿ ಆಗಿದ್ದು. ಇದೊಂದು ನನಗೆ ಮೊದಲೇ ಗೊತ್ತಿದ್ದಿದ್ದರೆ ಆ ಜಿಂಕೆ ಅಲ್ಲೇ ಬೀಳುತ್ತಿತ್ತೇನೋ.

1946ರಲ್ಲಿ ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಅಮೆರಿಕದ ಬೇಟೆಗಾರ ಜಾನ್ ನೋಸ್ಲರ್‌ ಅವರಿಗೂ ಮೂಸ್ (ದೊಡ್ಡ ಜಾತಿಯ ಜಿಂಕೆ) ಬೇಟೆಯಲ್ಲಿ ಹೀಗೇ ಆಗಿತ್ತು. ಗುಂಡುಗಳು ಮೇಲ್ಮೈಯಲ್ಲೇ ಒಡೆದವು, ಒಳಗೆ ಇಳಿಯಲಿಲ್ಲ. ಅದಾದ ಮೇಲೇ ಅವರು ಪಾರ್ಟಿಷನ್ ಗುಂಡು ಮಾಡಿದ್ದು. ನಡುವೆ ತಾಮ್ರದ ಗೋಡೆ. ಮುಂದಿನ ಸೀಸ ಅರಳುತ್ತದೆ, ಹಿಂದಿನದು ಒಡೆಯದೆ ಒಳಗೆ ನುಗ್ಗುತ್ತದೆ.

ಹಾಗಾಗಿ ನೀವು ಕೇಳಿದ ಎರಡು ಗುಂಡಿನ ಯೋಚನೆಯನ್ನೇ ಬಿಡಿ ಅಂತೀನಿ. ಒಂದೇ ಕೋವಿಯಲ್ಲಿ ಎರಡು ಬಗೆಯ ತೋಟಾ ಹಾಕಿದರೆ 100 ಗಜದಲ್ಲೇ ಏಟು ಬೇರೆ ಬೇರೆ ಕಡೆ ಬೀಳಬಹುದು. ಜಿಂಕೆ ಕಂಡ ಮೇಲೆ ತೋಟಾ ಬದಲಾಯಿಸುವಷ್ಟು ಹೊತ್ತೂ ಇರಲ್ಲ. ಗಟ್ಟಿ ಗುಂಡು ಒಂದನ್ನೇ ಇಟ್ಟುಕೊಳ್ಳಿ. ಸೀಸ ಕವಚಕ್ಕೆ ಬೆಸೆದುಕೊಂಡಿರುವ ಬಾಂಡೆಡ್ ಆಗಬಹುದು, ಪೂರ್ತಿ ತಾಮ್ರದ್ದೂ ಆಗಬಹುದು. ಮನೆಯಲ್ಲಿ ಮಕ್ಕಳು ಆ ಮಾಂಸ ತಿನ್ನುವುದಾದರೆ ತಾಮ್ರವೇ ಸರಿ, ಸೀಸದ ಪುಡಿಯ ಭಯ ಇಲ್ಲ. ಕ್ಯಾಲಿಫೋರ್ನಿಯಾದಲ್ಲಂತೂ 2019ರಿಂದ ಬೇಟೆಗೆ ಸೀಸದ ಗುಂಡು ಬಳಸುವ ಹಾಗೇ ಇಲ್ಲ.

ಆಮೇಲೆ ಕಂಪನಿ ಕೊಡುವ ವೇಗದ ಪಟ್ಟಿ ನೋಡಿ. ನಿಮ್ಮ ಗುಂಡು ಅರಳುವುದಕ್ಕೆ ಕನಿಷ್ಠ ಎಷ್ಟು ವೇಗ ಬೇಕು ಅಂತ ಕಂಪನಿಯೇ ಹೇಳಿರುತ್ತೆ. ಬಾಂಡೆಡ್‌ಗೆ ಸುಮಾರು 1,800 ಅಡಿ ಅಂತ ಹಿಡಿಯಿರಿ. ವೇಗ ಅಲ್ಲಿಗೆ ಇಳಿಯುವ ಜಾಗಕ್ಕಿಂತ ಆಚೆ ಹೊಡೆಯಲೇಬೇಡಿ. ಇನ್ನು 400 ಗಜದ ಆಸೆ. ನಿಮ್ಮ .308ರ ಗುಂಡು ಅಲ್ಲಿಗೆ ಮುಟ್ಟಲು ಸುಮಾರು ಅರ್ಧ ಸೆಕೆಂಡು ಬೇಕು. ಅಷ್ಟರಲ್ಲಿ ಜಿಂಕೆ ಒಂದು ಹೆಜ್ಜೆ ಇಟ್ಟರೆ ಎದೆಗೆ ಇಟ್ಟ ಗುರಿ ಹೊಟ್ಟೆಗೆ ಬೀಳುತ್ತೆ. ಮೊದಲ ವರ್ಷ 200 ಗಜಕ್ಕಿಂತ ದೂರ ಬೇಡ.

ನಾನು ಈಗ .308ರಲ್ಲಿ 165 ಗ್ರೇನ್ (ಸುಮಾರು 10.7 ಗ್ರಾಂ) ತೂಕದ ಬಾಂಡೆಡ್ ಮಾತ್ರ ಹಾಕ್ತೀನಿ. ನೀವು ಯಾವುದನ್ನೇ ಕೊಂಡರೂ ಸೀಸನ್‌ಗೆ ಒಯ್ಯುವ ಪೆಟ್ಟಿಗೆಯಿಂದಲೇ ತೋಟಾ ತೆಗೆದು ರೇಂಜ್‌ನಲ್ಲಿ 100 ಮತ್ತು 200 ಗಜಕ್ಕೆ ಹೊಡೆದು ನೋಡಿ. ಬ್ರ್ಯಾಂಡ್ ಬದಲಾಯಿಸಿದರೆ ಸ್ಕೋಪನ್ನು ಮತ್ತೆ ಮೊದಲಿಂದ ಹೊಂದಿಸಿ.