ಅಮ್ಮ "ಮನೆಗೆ ಕರ್ಕೊಂಡು ಹೋಗು" ಅಂದಾಗ

ಡಿಮೆನ್ಷಿಯಾ (ನೆನಪು, ಯೋಚನಾಶಕ್ತಿ ಕುಂದುತ್ತಾ ಹೋಗುವ ಕಾಯಿಲೆ) ಇರುವ ತಾಯಿಯನ್ನು ಆರೈಕೆ ಕೇಂದ್ರಕ್ಕೆ ಸೇರಿಸಿ ತಿಂಗಳಾಯಿತು, ಹೋದಾಗಲೆಲ್ಲ "ಮನೆಗೆ ಕರ್ಕೊಂಡು ಹೋಗು" ಅಂತ ಅಳುತ್ತಾರೆ, ಕೆಲವು ದಿನ ಹೋಗದೇ ಇರಲೇ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಆದರೆ ಹೋಗುವ ಹೊತ್ತನ್ನು ಬದಲಿಸಿ ನೋಡಿ.

ಸಂಜೆಯಾಗುತ್ತಿದ್ದಂತೆ ಈ ಕಾಯಿಲೆಯವರಲ್ಲಿ ಗೊಂದಲ, ಕಳವಳ ಹೆಚ್ಚುವುದು ಸಾಮಾನ್ಯ. ಬೆಳಗ್ಗೆ ಹೋಗಿ, ಊಟದ ಹೊತ್ತಿಗೆ ಹೊರಡಿ. ಸಿಬ್ಬಂದಿ ಅವರನ್ನು ಊಟಕ್ಕೆ ಕೂರಿಸುವಾಗ "ಮತ್ತೆ ಬರ್ತೀನಮ್ಮ" ಎಂದು ಎದ್ದುಬಿಡಿ. ಬಾಗಿಲಲ್ಲಿ ನಿಂತು ಮಾತು ಎಳೆದಷ್ಟೂ ಇಬ್ಬರಿಗೂ ಸಂಕಟ. "ಇನ್ಮೇಲೆ ಇದೇ ನಿನ್ನ ಮನೆ" ಎಂದು ವಾದಕ್ಕಂತೂ ಇಳಿಯಬೇಡಿ. ಅವರಿಗೆ ಭಯವಾಗಿರಬಹುದು, ಎಲ್ಲೋ ನೋಯುತ್ತಿರಬಹುದು, ಬಾತ್‌ರೂಮಿಗೆ ಹೋಗಬೇಕಾಗಿರಬಹುದು. ಮೊದಲು ಅದನ್ನು ವಿಚಾರಿಸಿ. ಆಮೇಲೆ ಕೈ ಹಿಡಿದುಕೊಂಡು "ಮನೆ ನೆನಪಾಯ್ತಾ?" ಅನ್ನಿ, ಅವರು ಹೇಳುವಷ್ಟು ಹೇಳಲಿ. ಹೊರಟ ಅರ್ಧ ಗಂಟೆಗೆ ಫೋನ್ ಮಾಡಿ ಹೇಗಿದ್ದಾರೆ ಅಂತ ಕೇಳಿ. ಎಷ್ಟೋ ಸಲ ಅಷ್ಟರಲ್ಲಿ ಅಳು ನಿಂತಿರುತ್ತದೆ.

ನಿಮಗೇ ನಿದ್ದೆ ಬರುತ್ತಿಲ್ಲ ಎಂದಿರಲ್ಲ, ಅದೇ ನನಗೆ ಹೆಚ್ಚು ಚಿಂತೆ. 2004ರಲ್ಲಿ ರಿಚರ್ಡ್ ಶುಲ್ಜ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ, ಕೇಂದ್ರಕ್ಕೆ ಸೇರಿಸಿದ ಮೇಲೂ ಮನೆಯವರ ಖಿನ್ನತೆ, ಆತಂಕ ತಗ್ಗಿರಲಿಲ್ಲ. ಹಾಗಾಗಿ ಈ ಸಂಕಟವನ್ನು ನಿಮ್ಮ ನಿರ್ಧಾರ ತಪ್ಪಾಗಿತ್ತು ಎಂಬುದಕ್ಕೆ ಸಾಕ್ಷಿ ಮಾಡಿಕೊಳ್ಳಬೇಡಿ. ನಿದ್ದೆಗೇಡು ವಾರಗಟ್ಟಲೆ ಮುಂದುವರಿದರೆ ನಿಮಗಾಗಿಯೇ ವೈದ್ಯರನ್ನು ಕಾಣಿ.

ಇನ್ನೊಂದು: ತಾಯಿಯವರಿಗೆ ಯಾವ ಮಗ್ಗುಲು ಹಿತ, ಯಾವ ಹಾಡು ಇಷ್ಟ, ಸ್ನಾನಕ್ಕೆ ಹೇಗೆ ಒಪ್ಪಿಸಬೇಕು ಎಂಬುದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಸಿಬ್ಬಂದಿಗೆ ಕೊಡಿ. ಅವರಿಗೆ ಇದನ್ನು ಹೇಳಬಲ್ಲವರು ನೀವೊಬ್ಬರೇ.