ಲಿವಿಂಗ್‌ಸ್ಟನ್ ನೋಡಿದಂತೆಯೇ ವಿಕ್ಟೋರಿಯಾ ಜಲಪಾತ ನೋಡಲು ಯಾವಾಗ ಹೋಗಬೇಕು?

ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳಗೆ. ಸ್ಕಾಟ್ಲೆಂಡಿನ ಅನ್ವೇಷಕ ಡೇವಿಡ್ ಲಿವಿಂಗ್‌ಸ್ಟನ್ ಜಲಪಾತ ಕಂಡದ್ದು 1855ರ ನವೆಂಬರ್‌ನಲ್ಲಿ, ಜಾಂಬಿಯಾ-ಜಿಂಬಾಬ್ವೆ ಗಡಿಯ ಜಾಂಬೆಜಿ ನದಿ ಸೊರಗಿದ್ದಾಗ. ಹಾಗಾಗಿಯೇ ಸ್ಥಳೀಯ ಅಂಬಿಗರು ಅವನನ್ನು ದೋಣಿಯಲ್ಲಿ ನೀರು ಧುಮುಕುವ ಅಂಚಿನ ದ್ವೀಪಕ್ಕೇ ಮುಟ್ಟಿಸಿದರು. ಅಲ್ಲಿ ಮಲಗಿ, ತಲೆಯನ್ನು ಮುಂದೆ ಚಾಚಿ ಕಂದಕ ನೋಡಿದ. ಪೀಚ್, ಕಾಫಿ ಬೀಜ ಬಿತ್ತಿದ. 1860ರಲ್ಲಿ ಮರಳಿ ಬಂದಾಗ ನೀರಾನೆಗಳು ಆ ತೋಟವನ್ನು ತುಳಿದುಹಾಕಿದ್ದವು.

ಮಳೆಗಾಲ ನವೆಂಬರ್‌ನಿಂದ ಮಾರ್ಚ್, ಆದರೆ ಪ್ರವಾಹ ಉಕ್ಕುವುದು ಮಾರ್ಚ್‌-ಏಪ್ರಿಲ್‌ನಲ್ಲಿ. ಅಂಗೋಲಾ ಮತ್ತು ವಾಯವ್ಯ ಜಾಂಬಿಯಾದಲ್ಲಿ ಸುರಿದ ನೀರು ಬರೋಟ್ಸೆ ಬಯಲಿನಲ್ಲಿ ಹರಡಿ ನಿಂತು, ನಿಧಾನವಾಗಿ ಇಳಿದು ಬರುವುದೇ ಇದಕ್ಕೆ ಕಾರಣ. ಆಗ ದ್ವೀಪಕ್ಕೆ ದೋಣಿ ಬಿಡುವುದಿಲ್ಲ. 108 ಮೀಟರ್ ಆಳದಿಂದ ಎದ್ದ ತುಂತುರು ಮುಂದಿನದನ್ನೆಲ್ಲ ಮುಚ್ಚಿಬಿಡುತ್ತದೆ, ಕ್ಯಾಮೆರಾಗೆ ಪ್ಲಾಸ್ಟಿಕ್ ಚೀಲ ಬೇಕೇ ಬೇಕು. ಸ್ಥಳೀಯರು ಇಟ್ಟ 'ಮೋಸಿ-ಓವಾ-ತುನ್ಯಾ', ಅಂದರೆ ಗುಡುಗುವ ಹೊಗೆ, ಎಂಬ ಹೆಸರು ಅರ್ಥವಾಗುವುದು ಮಾತ್ರ ಆಗಲೇ. ನನಗೆ ಇಂಗ್ಲೆಂಡಿನ ರಾಣಿಯ ಹೆಸರಿಗಿಂತ ಇದೇ ಸರಿಯೆನಿಸುತ್ತದೆ.

ಹಲವರು ಎಡವುವುದು ಇಲ್ಲಿ: ಅಕ್ಟೋಬರ್‌-ನವೆಂಬರ್‌ನಲ್ಲಿ ದ್ವೀಪಕ್ಕೆ ಹೋಗುವ ದೋಣಿ ಸಿಗುವುದು ಜಾಂಬಿಯಾ ಕಡೆಯಿಂದ, ಆದರೆ ಆ ಕಡೆಯ ಪೂರ್ವ ಭಾಗ ಆಗ ಬಹುಪಾಲು ಬರಿ ಬಂಡೆ. ಮುಖ್ಯ ಧಾರೆ ಎದುರಿಗೆ ಕಾಣುವುದು ಜಿಂಬಾಬ್ವೆ ಕಡೆಯಿಂದ. ಲಿವಿಂಗ್‌ಸ್ಟನ್‌ನ ಹಳೆಯ ಪ್ರತಿಮೆಯೂ ಅಲ್ಲೇ ಇದೆ. ನಡುವೆ ಇರುವುದು 1905ರ ಸೇತುವೆ, ನಡೆದೇ ದಾಟಬಹುದು. ಎರಡೂ ದೇಶಕ್ಕೆ, ಮರಳಿ ಬರುವುದಕ್ಕೂ ವೀಸಾ ನಡೆಯುತ್ತದೆಯೇ ಎಂದು ಹೊರಡುವ ಮುನ್ನವೇ ಖಚಿತಪಡಿಸಿಕೊಳ್ಳಿ. ಜಾಂಬಿಯಾದ ಲಿವಿಂಗ್‌ಸ್ಟನ್ ಪಟ್ಟಣದ ಮ್ಯೂಸಿಯಂಗೆ ಅರ್ಧ ದಿನ ಇಡಿ, ಅವನ ಪತ್ರಗಳು ಅಲ್ಲಿವೆ.